ಸ್ಪೀಕರಿನ ಸಾಲಾವಳಿ

ಸುಟ್ಟ ವಾಸನೆ ಮೂಗಿಗೆ ಬಡಿದಾಗ ನಾನು ಹಾಲಿನಿಂದಲೇ ಕೂಗಿದೆ: “ಒಗ್ಗರಣೆ ಸೀದುಹೋಯ್ತೇನೇ?”

“ಒಗ್ಗರಣೆ ಇನ್ನೂ ಹಾಕೇ ಇಲ್ಲ ರೀ.”

ಅಷ್ಟರಲ್ಲಿ ನಾಲ್ಕೂ ಕೋಣೆಗಳ ನಾದಸ್ವರ ಒಟ್ಟಿಗೇ ನಿಂತಿತು. ಟಿವಿ ಸ್ಟ್ಯಾಂಡಿನ ಕೆಳಗೆ ಕೂತಿದ್ದ ಆಂಪ್ಲಿಫೈಯರಿನ ಜಾಲರಿಯಿಂದ ಊದುಬತ್ತಿಯದ್ದರಂಥ ತೆಳ್ಳನೆಯ ಹೊಗೆ ಏಳುತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ. ನೆಂಟರು ಬರಲು ಅರ್ಧ ಗಂಟೆ ಬಾಕಿ.

ಮನೆಯ ಎಲ್ಲ ಕೋಣೆಗಳಲ್ಲೂ ಸಂಗೀತ ಹರಿಯಬೇಕೆಂಬುದು ನನ್ನ ಬಹುಕಾಲದ ಆಸೆ. ನಿವೃತ್ತಿಯ ಹಣ ಕೈಗೆ ಬಂದದ್ದೇ ತಡ, ಹಾಲಿಗೆ, ಅಡುಗೆಮನೆಗೆ, ಮಹಡಿಗೆ, ಅಮ್ಮನ ಕೋಣೆಗೆ ಒಂದೊಂದು ಜೊತೆಯಂತೆ ಎಂಟು ಸ್ಪೀಕರ್ ತಂದೆ. ಸಾಲಾವಳಿ ನೋಡದೆಯೇನೂ ತಂದವನಲ್ಲ. ಆಂಪ್ಲಿಫೈಯರ್ 60 ವ್ಯಾಟ್, ಸ್ಪೀಕರುಗಳೂ 60 ವ್ಯಾಟ್. ಇನ್ನೇನು ಬೇಕು? ಅದರ ಪಕ್ಕದಲ್ಲೇ ಸಣ್ಣಕ್ಷರದಲ್ಲಿ 8 ಎಂದು ಬರೆದು, ಮುಂದೆ ಕುದುರೆ ಲಾಳದಂಥ ಒಂದು ಗುರುತು ಹಾಕಿದ್ದರು. ಅದನ್ನು ಕಣ್ಣು ನೋಡಿತ್ತು, ತಲೆ ನೋಡಿರಲಿಲ್ಲ.

ರಿಪೇರಿಯವನು ಮುಚ್ಚಳ ಬಿಚ್ಚಿ, ಕಪ್ಪಾದ ಜಾಗವನ್ನು ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿದ.

“ಒಂದು ಚಾನೆಲ್ಲಿಗೆ ಎಷ್ಟು ಕೊಟ್ಟಿದ್ರಿ ಸರ್?”

“ನಾಲ್ಕು.”

“ಎಲ್ಲಾ ಪ್ಯಾರಲಲ್ಲಾ?”

ನಾನು ಉತ್ತರಿಸಲಿಲ್ಲ. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು ಎಂಬುದನ್ನೂ ಅವನಿಗೆ ಹೇಳಲಿಲ್ಲ. ನಾಲ್ಕು 8 ಓಮ್ ಸ್ಪೀಕರುಗಳನ್ನು ಪ್ಯಾರಲಲ್ಲಾಗಿ ಜೋಡಿಸಿದರೆ ಆಂಪ್ಲಿಫೈಯರಿಗೆ ಕಾಣುವುದು 2 ಓಮ್. ಪೆಟ್ಟಿಗೆಯ ಬೆನ್ನ ಮೇಲೆ ‘ಕನಿಷ್ಠ 4’ ಎಂದು ಅಚ್ಚಾಗಿತ್ತು. ವಾಲ್ಯೂಮ್ ಅಷ್ಟೇ ಇಟ್ಟು ಸ್ಪೀಕರನ್ನು ಒಂದರಿಂದ ನಾಲ್ಕಕ್ಕೆ ಏರಿಸಿದರೆ ಹರಿಯುವ ಕರೆಂಟೂ ನಾಲ್ಕು ಪಟ್ಟು. ಸಣ್ಣ ದನಿಯಲ್ಲಿ ಹಾಡುವಾಗ ಪಾಪ, ಟ್ರಾನ್ಸಿಸ್ಟರು ಹೇಗೋ ಸುಧಾರಿಸಿಕೊಂಡಿತ್ತು. ಹಬ್ಬದ ಹುರುಪಿನಲ್ಲಿ ನಾನು ಗುಬ್ಬಿ ತಿರುಗಿಸಿದ್ದೇ ಅದರ ಆಯಸ್ಸು ಮುಗಿಯಿತು. ಈ ಲೆಕ್ಕ ಕೊಟ್ಟವನು ಜರ್ಮನಿಯ ಕಲೋನ್ ಪಟ್ಟಣದ ಒಬ್ಬ ಶಾಲಾ ಮೇಷ್ಟ್ರು, ಗಿಯೋರ್ಗ್ ಓಮ್. 1827ರಲ್ಲಿ ಪುಸ್ತಕ ಬರೆದಾಗ ಅವನ ನಾಡಿನಲ್ಲೇ ಅದಕ್ಕೆ ತಣ್ಣನೆಯ ಸ್ವಾಗತ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟಿತು. ನಾನು ಮಾತ್ರ ಪರೀಕ್ಷೆಯಲ್ಲಿ ಅವನ ಹೆಸರಿನಲ್ಲಿ ಪೂರ್ತಿ ಅಂಕ ತೆಗೆದುಕೊಂಡು, ಹಬ್ಬದ ದಿನ ಅವನನ್ನು ಮರೆತೆ.

ಹಳೆಯ ವಾಲ್ವ್ ಆಂಪ್ಲಿಫೈಯರುಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಸ್ಪೀಕರೇ ಇಲ್ಲದೆ ಅವನ್ನು ಜೋರಾಗಿ ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಳ್ಳುತ್ತಿದ್ದವು. ಅವಕ್ಕೆ ಒಂಟಿತನ ಆಗದು, ಇವಕ್ಕೆ ಸಂತೆ ಆಗದು.

ರಿಪೇರಿಯಾದ ಮೇಲೆ ಜಾಣನಾದೆ. ಎರಡೆರಡು ಸ್ಪೀಕರನ್ನು ಸೀರೀಸಿನಲ್ಲಿ ಕಟ್ಟಿ, ಆ ಎರಡು ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಮತ್ತೆ 8 ಓಮಿಗೇ ಬರುತ್ತದೆ. ಬಂತು. ಆದರೆ ಮಹಡಿಯಲ್ಲಿ ಒಂದು ತಂತಿ ಸಡಿಲವಾದರೆ ಅಮ್ಮನ ಕೋಣೆಯೂ ಮೂಕ. ಮೇಲಾಗಿ ಹಾಲಿನ ಪೆಟ್ಟಿಗೆಗಳು ಗುಡುಗಿದರೆ ಅಡುಗೆಮನೆಯವು ಪಿಸುಗುಟ್ಟುತ್ತಿದ್ದವು. ಎಲ್ಲವೂ 60 ವ್ಯಾಟಿನವೇ ಅಲ್ಲವೇ ಎಂದು ಕಾಗದಪತ್ರ ಹುಡುಕಿದೆ. ವ್ಯಾಟ್ ಎಂಬುದು ಸ್ಪೀಕರ್ ಎಷ್ಟು ಉಣ್ಣಬಲ್ಲದು ಎಂಬ ಲೆಕ್ಕ, ಎಷ್ಟು ಹಾಡಬಲ್ಲದು ಎಂಬುದಲ್ಲ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಹಾಲಿನದು 90 ಡೆಸಿಬೆಲ್, ಅಡುಗೆಮನೆಯದು 84. ನೋಡಲು ಆರೇ ಅಂಕಿಯ ಅಂತರ. ಅದನ್ನು ತುಂಬಲು ಅಡುಗೆಮನೆಗೆ ನಾಲ್ಕು ಪಟ್ಟು ಬಡಿಸಬೇಕು. ಉಂಡಾಡಿಗಳನ್ನೂ ಮಿತಾಹಾರಿಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಒಂದೇ ಸೌಟಿನಲ್ಲಿ ಬಡಿಸಿದವನು ನಾನು.

ಈ ತಾಪತ್ರಯ ಮೊದಲಿಗೆ ಇರಲೇ ಇಲ್ಲವೆಂಬುದು ಇನ್ನೊಂದು ತಮಾಷೆ. ಇಂದಿನ ಮಾದರಿಯ ಸ್ಪೀಕರಿನ ಬಗ್ಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಬಂಧ ಬರೆದರು. ಅದು ರೇಡಿಯೋಲಾ 104 ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಾಗ ಒಂದೇ ಪೆಟ್ಟಿಗೆಯೊಳಗೆ ಆಂಪ್ಲಿಫೈಯರೂ ಕೂತಿತ್ತು. ಮದುವೆ ಮಾಡಿಸಿಯೇ ಮಾರುತ್ತಿದ್ದರು. ಬೇರೆ ಬೇರೆ ಕೊಂಡು ಜಾತಕ ಕೂಡಿಸುವ ಖಯಾಲಿ ಆಮೇಲಿನದು.

ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾಗ ನೆನಪಾದವನು ಮೈಕಣ್ಣ. ತಿಪಟೂರಿನ ಕಡೆಯ ನಮ್ಮೂರಿನಲ್ಲಿ ಎಪ್ಪತ್ತರ ದಶಕದಲ್ಲಿ ಯಾರ ಮನೆಯ ಮದುವೆಯಾದರೂ ಗಾಡಿಯಲ್ಲಿ ಮೈಕ್‌ಸೆಟ್ ಹೇರಿಕೊಂಡು ಬರುತ್ತಿದ್ದವನು ಅವನೇ. ಒಂದು ತುತ್ತೂರಿ ಚಪ್ಪರದ ಕಂಬಕ್ಕೆ, ಇನ್ನೊಂದು ದೇವಸ್ಥಾನದ ಮುಂದಿನ ತೆಂಗಿನಮರಕ್ಕೆ, ಮತ್ತೆರಡು ಊರ ಬಾಗಿಲಿನಾಚೆ. ಬೆರಳಿನಷ್ಟೂ ದಪ್ಪವಿಲ್ಲದ ತಂತಿಯನ್ನು ಫರ್ಲಾಂಗುಗಟ್ಟಲೆ ಎಳೆಯುತ್ತಿದ್ದ. ಪ್ರತಿ ತುತ್ತೂರಿಯ ಹಿಂದೆ ಬೆಲ್ಲದಚ್ಚಿನಷ್ಟು ದೊಡ್ಡ ಡಬ್ಬಿ. ಮುಟ್ಟಲು ಹೋದರೆ “ಮರೀ, ಕೈ ಹಾಕ್ಬ್ಯಾಡ, ಶಾಕ್ ಹೊಡೀತದೆ!” ಎಂದು ಗದರುತ್ತಿದ್ದ. ಎಲ್ಲ ಕಟ್ಟಿಯಾದ ಮೇಲೆ ಆಂಪ್ಲಿಫೈಯರಿನ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ: 15, 15, 10, 10. ಅಡಿಗೆರೆ ಎಳೆದು, 50. ಬಾಡಿಗೆಯ ಲೆಕ್ಕವಿರಬೇಕೆಂದು ನಾನು ಅಂದುಕೊಂಡಿದ್ದೆ.

ಬಾಡಿಗೆಯದಲ್ಲ, ವ್ಯಾಟಿನ ಲೆಕ್ಕ. ಅವನ ಆಂಪ್ಲಿಫೈಯರ್ ಪೂರ್ತಿ ದನಿಯಲ್ಲಿ ತಂತಿಗೆ 100 ವೋಲ್ಟ್ ಬಿಡುತ್ತಿತ್ತು. ಡಬ್ಬಿಯೊಳಗಿನ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿಕೊಂಡು, ಯಾವ ತುದಿಗೆ ತಂತಿ ಸಿಕ್ಕಿಸಿದ್ದಾರೋ ಅಷ್ಟೇ ವ್ಯಾಟ್ ತೆಗೆದುಕೊಳ್ಳುತ್ತಿತ್ತು. ಓಮಿನ ಗೊಡವೆಯೇ ಇಲ್ಲ. ಬರೀ ಕೂಡುವ ಲೆಕ್ಕ, ಮೊತ್ತ ಆಂಪ್ಲಿಫೈಯರಿನ ಶಕ್ತಿಯೊಳಗಿದ್ದರೆ ಸಾಕು. ವೋಲ್ಟೇಜು ಹೆಚ್ಚಿದ್ದರಿಂದ ಕರೆಂಟು ಕಡಿಮೆ, ಹಾಗಾಗಿ ಸಣ್ಣ ತಂತಿಯಲ್ಲೂ ಸೋರಿಕೆ ಅಲ್ಪ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 150 ಕಿಲೋಮೀಟರಿಗೆ ತುಸು ಕಡಿಮೆ ದೂರ, ವಿದ್ಯುತ್ತನ್ನು ಸಾಗಿಸಿದ್ದೂ ಇದೇ ಉಪಾಯದಿಂದ. ಮೈಕಣ್ಣ ಅದನ್ನು ತೆಂಗಿನಮರದವರೆಗೆ ತಂದಿದ್ದ. ಅಂಗಡಿಯವರು ‘ಮಲ್ಟಿರೂಮ್’ ಎಂದು ನುಣುಪು ಕಾಗದದಲ್ಲಿ ಅಚ್ಚುಹಾಕಿ ನನಗೆ ಕೊಟ್ಟದ್ದನ್ನು ಅವನು ಗಾಡಿಯಲ್ಲಿ ಹೊತ್ತು ತಿರುಗಿದವನು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ “ಎಲ್‌ಎಂಟಿ ಇದೆಯಾ?” ಎಂದು ಕೇಳಿದರೆ ಸಾಕು, ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರನ್ನು ಕಡಲೆಕಾಯಿಯ ಹಾಗೆ ಮುಂದೆ ಸುರಿಯುತ್ತಾರೆ. ಮೂರನ್ನೂ 30 ವ್ಯಾಟಿನ ಒಂದು ಮೈಕ್ ಆಂಪ್ಲಿಫೈಯರನ್ನೂ ತಂದೆ. ಹಾಲಿನ ಜೊತೆಯನ್ನು ಹಳೆಯ ಆಂಪ್ಲಿಫೈಯರಿಗೇ ಬಿಟ್ಟೆ. ಈ ಸಣ್ಣ ಟ್ರಾನ್ಸ್‌ಫಾರ್ಮರುಗಳು ಮೃದಂಗದ ಎಡಭಾಗದ ಗುಂಕಾರವನ್ನು ಅರ್ಧ ನುಂಗಿಬಿಡುತ್ತವೆ. ಕೂತು ಕೇಳುವ ಜಾಗದಲ್ಲಿ ಅದನ್ನು ಸಹಿಸಲಾರೆ. ಮಿಕ್ಕ ಕೋಣೆಗಳಿಗೆ ಒಂದೊಂದೇ ಸ್ಪೀಕರ್. ಕುಕ್ಕರು, ಮಿಕ್ಸಿಗಳ ಜೊತೆ ಜಗಳವಾಡಬೇಕಾದ ಅಡುಗೆಮನೆಗೆ 10 ವ್ಯಾಟ್, ಮಹಡಿಗೆ 5, ಅಮ್ಮನ ಕೋಣೆಗೆ ಎರಡೂವರೆ. ಉಳಿದ ಮೂರು ಸ್ಪೀಕರ್ ಅಟ್ಟದಲ್ಲಿವೆ. ಅವುಗಳ ಬೆಲೆಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಮೊದಲ ದಿನ ಎಲ್ಲೆಡೆ ಒಂದೇ ಹದದಲ್ಲಿ ವೀಣೆ ಕೇಳಿಸಿತು. ಆಂಪ್ಲಿಫೈಯರಿನ ತಲೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೆ. ಮಧ್ಯಾಹ್ನ ಅಮ್ಮ ಕರೆದಳು.

“ಎಲ್ಲರ ಕೋಣೇಲೂ ಹಾಡ್ತಿದೆ, ನನ್ನ ಕೋಣೇಲಿ ಬರೀ ತುಟಿ ಆಡಿಸ್ತಿದೆಯಲ್ಲೋ.”

ಸ್ಟೂಲ್ ಹತ್ತಿ, ತಂತಿಯನ್ನು ಎರಡೂವರೆಯಿಂದ ಬಿಚ್ಚಿ ಐದಕ್ಕೆ ಸಿಕ್ಕಿಸಿದೆ. ಕೆಳಗಿಳಿದು ಬಂದು, ಆಂಪ್ಲಿಫೈಯರಿನ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ 17.5 ಅನ್ನು ಹೆಬ್ಬೆರಳಿನಿಂದ ಒರೆಸಿ 20 ಎಂದು ತಿದ್ದಿದೆ.