ಸಂಬಳದ ಜಾಗದಲ್ಲಿ ಸೇವಾ ಮನೋಭಾವ

ಸ್ವಯಂಸೇವಾ ಸಂಸ್ಥೆಯೊಂದರ ಸಿಇಒ ಹುದ್ದೆಯ ಜಾಹೀರಾತು ಈಗಷ್ಟೇ ಓದಿದೆ. ನಿಧಿ ಸಂಗ್ರಹ, ಲೆಕ್ಕಪತ್ರ, ಹಳ್ಳಿ ಸುತ್ತಾಟ ಎಲ್ಲ ಬರಬೇಕಂತೆ. ಸಂಬಳದ ಜಾಗದಲ್ಲಿ ಮಾತ್ರ ‘ಸೇವಾ ಮನೋಭಾವ ಮುಖ್ಯ’! ಅದನ್ನು ತೋರಿಸಿದರೆ ಬೆಂಗಳೂರಲ್ಲಿ ಮನೆ ಬಾಡಿಗೆಗೆ ಕೊಡ್ತಾರಾ?

ತಪ್ಪು ಪೂರ್ತಿ ಸಂಸ್ಥೆಗಳದ್ದೂ ಅಲ್ಲ ಬಿಡಿ. ವಿದೇಶಿ ದೇಣಿಗೆಯಲ್ಲಿ ಆಡಳಿತ ಖರ್ಚಿಗೆ ಮೊದಲು ಶೇ. 50ರವರೆಗೆ ಅವಕಾಶವಿತ್ತು, 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಅದನ್ನು ಶೇ. 20ಕ್ಕೆ ಇಳಿಸಿತು. ಮುಖ್ಯಸ್ಥರ ಸಂಬಳವೂ ಅದೇ ಲೆಕ್ಕದೊಳಗೆ. ನಮ್ಮ ದಾನಿಗಳೋ, ಶಾಲೆಗೆ ಬೆಂಚು ಕೊಡ್ತಾರೆ, ಸಂಬಳ ಅಂದರೆ ಮುಖ ತಿರುಗಿಸ್ತಾರೆ.

ಹಾಗಾಗಿ ಮುಖ್ಯಸ್ಥರನ್ನು ಹೊರಗೆ ಹುಡುಕೋದಕ್ಕಿಂತ ಒಳಗೇ ಬೆಳೆಸೋದು ವಾಸಿ. ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆ ‘ಪ್ರಥಮ್’ನಲ್ಲಿ 1996ರಿಂದ ಇದ್ದ ರುಕ್ಮಿಣಿ ಬ್ಯಾನರ್ಜಿ 2015ರಲ್ಲಿ ಸಿಇಒ ಆದರು. ಸಂಸ್ಥಾಪಕರು ಕುರ್ಚಿ ಬಿಡಬೇಕು, ಅಷ್ಟೇ.

ನಿಮಗೆ ಗೊತ್ತಿರೋ ಸಂಸ್ಥೆಗಳಲ್ಲಿ ಎರಡನೇ ಸಾಲಿನವರು ಯಾರಾದರೂ ಇದ್ದಾರಾ? ಹೇಳಿ.