ಚುಸ್ತ್ ಎಂಬ ಶಬ್ದ

ಮನೆಯಲ್ಲಿ ಉರ್ದು, ಹೊರಗೆ ಕನ್ನಡ ಆಡುವ ನಮಗೆ ಕೆಲವು ಶಬ್ದಗಳ ಎರಡು ಮುಖಗಳೂ ಪರಿಚಿತ. ‘ಸುಸ್ತು’ ಅಂಥದೊಂದು. ಉರ್ದುವಿನಲ್ಲಿ ‘ಸುಸ್ತ್’ ಎಂದರೆ ಆಲಸಿ, ಸೋಮಾರಿ. ಕನ್ನಡಕ್ಕೆ ಬಂದು ಅದು ದಣಿವಾಯಿತು. ದಿನವಿಡೀ ದುಡಿದವರೇ ಇಲ್ಲಿ ‘ಸುಸ್ತಾಯ್ತು’ ಎನ್ನುತ್ತಾರೆ. ಉರ್ದುವಿನಲ್ಲಿ ಅದಕ್ಕೆ ವಿರುದ್ಧ ಪದವಾದ ‘ಚುಸ್ತ್’ ಮಾತ್ರ ಹೆಚ್ಚಾಗಿ ನಮ್ಮ ಮನೆಗಳೊಳಗೇ ಉಳಿಯಿತು.

ಫಾರಸಿ ಮೂಲದ ಈ ಶಬ್ದಕ್ಕೆ ಚುರುಕು ಎಂಬುದು ಒಂದು ಅರ್ಥ, ಮೈಗೆ ಬಿಗಿಯಾಗಿ ಕೂರುವ ಉಡುಪು ಎಂಬುದು ಇನ್ನೊಂದು. ಚೂಡಿದಾರ್ ಪಾಯಜಾಮಕ್ಕೆ ‘ಚುಸ್ತ್ ಪಾಯಜಾಮ’ ಎಂಬ ಹೆಸರೂ ಇದೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಕಾಲಿಗಿಂತ ಉದ್ದವಾಗಿ ಅದನ್ನು ಹೊಲಿಯುತ್ತಾರೆ. ಮಿಕ್ಕ ಬಟ್ಟೆ ಪಾದದ ಮೇಲೆ ಬಳೆಗಳ ಹಾಗೆ ಮಡಿಕೆ ಬೀಳುತ್ತದೆ. ಚೂಡಿ ಎಂದರೆ ಬಳೆ, ‘ದಾರ್’ ಎಂದರೆ ಉಳ್ಳದ್ದು. ಕನ್ನಡದಲ್ಲಿ ನಾವು ಸಡಿಲವಾದ ಸಲ್ವಾರ್ ಕಮೀಜನ್ನೂ ಚೂಡಿದಾರ ಎಂದೇ ಕರೆಯುತ್ತೇವೆ.

ಈ ಬಿಗಿ ಪಾಯಜಾಮವನ್ನು ಗಂಡಸರು ಶೇರ್ವಾನಿಯೊಂದಿಗೆ ತೊಟ್ಟರು. ಜವಾಹರಲಾಲ್ ನೆಹರೂ ಅಚ್ಕನ್ನಿನೊಂದಿಗೆ ತೊಟ್ಟರು. ಅದು ಗಣ್ಯರ ಉಡುಪೆನಿಸಿತು. ಹೈದರಾಬಾದಿನ ಮದುಮಗಳು ಖಡಾ ದುಪಟ್ಟಾದೊಂದಿಗೆ ತೊಡುವುದೂ ಚೂಡಿದಾರ್ ಪಾಯಜಾಮವನ್ನೇ. ಹಿರಿಯರೇ ಮುಂದೆ ನಿಂತು ಹೊಲಿಸುವ ಉಡುಪದು.

ಹೀಗಿದ್ದೂ ಇಂದು ನಮ್ಮ ಮನೆಗಳಲ್ಲಿ ಈ ಶಬ್ದ ಹೇಗೆ ಬಳಕೆಯಾಗುತ್ತಿದೆ ನೋಡಿ. ಮಗ ‘ಚುಸ್ತ್’ ಎಂದರೆ ಹೊಗಳಿಕೆ. ಮಗಳ ಬಟ್ಟೆ ‘ಚುಸ್ತ್’ ಎಂದರೆ ದೂರು. ಅವನ ಜೀನ್ಸ್ ಎಷ್ಟೇ ಬಿಗಿಯಾಗಿರಲಿ, ಆ ಮಾತು ಅದರ ಮೇಲೆ ಬೀಳುವುದು ಅಪರೂಪ. ಮಗಳು ಚುರುಕಾಗಿದ್ದರೆ ಅದಕ್ಕೆ ‘ತೇಜ್’ ಎಂಬ ಬೇರೆಯೇ ಶಬ್ದ ಸಿದ್ಧವಿರುತ್ತದೆ. ಹುಡುಗಿಯ ಮಟ್ಟಿಗೆ ಅದೂ ಮೆಚ್ಚುಗೆಯ ಮಾತಾಗಿ ಕೇಳಿಸುವುದು ಕಡಿಮೆ.

ಉಡುಪಿನಲ್ಲಿ ಸಭ್ಯತೆ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಮಗನಿಗೂ ಬೇಕು, ಮಗಳಿಗೂ ಬೇಕು. ಆದರೆ ಒಂದೇ ಶಬ್ದದ ಮೆಚ್ಚುಗೆಯನ್ನೆಲ್ಲ ಮಗನಿಗೆ ಕೊಟ್ಟು, ಆಕ್ಷೇಪವನ್ನೆಲ್ಲ ಮಗಳಿಗೆ ಉಳಿಸುವುದು ಯಾವ ನ್ಯಾಯ? ದಿನಾ ಇಂಥದ್ದನ್ನೇ ಕೇಳಿಸಿಕೊಳ್ಳುವ ಹುಡುಗಿ, ಮನೆಯವರು ತನ್ನ ಬುದ್ಧಿಗಿಂತ ಬಟ್ಟೆಯನ್ನೇ ಹೆಚ್ಚು ಗಮನಿಸುತ್ತಾರೆ ಎಂದುಕೊಂಡರೆ ತಪ್ಪು ಅವಳದಲ್ಲ.

ನಸುಕಿನಲ್ಲೆದ್ದು ಓದಿ, ಅಮ್ಮನಿಗೆ ರೊಟ್ಟಿ ಲಟ್ಟಿಸಿಕೊಟ್ಟು, ಕಾಲೇಜಿನ ಬಸ್ಸಿಗೆ ಓಡುವ ಹೆಣ್ಣುಮಕ್ಕಳು ನಮ್ಮ ಬೀದಿ ಬೀದಿಗಳಲ್ಲಿದ್ದಾರೆ. ‘ಹಮಾರಿ ಬೇಟಿ ಬಡೀ ಚುಸ್ತ್ ಹೈ’ ಎಂಬ ಮಾತು ಅವರ ಕಿವಿಗೂ ಬೀಳಲಿ. ಅಬ್ಬಾ ಹೇಳಲಿ, ಅಮ್ಮಿ ಹೇಳಲಿ, ನೆಂಟರ ಎದುರಿಗೇ ಹೇಳಲಿ.