ತುಪ್ಪಳದ ಅಂಚಿನ ಜಾಕೆಟ್

ನ್ಯಾಮತಿಯ ಬಿಸಿಲಲ್ಲಿ ನಾನು ಚಳಿ ಜಾಕೆಟ್ ಕೂಡಿಡುತ್ತೇನೆಂದರೆ ಗೆಳೆಯರು ನಗುತ್ತಾರೆ. ಇರುವುದು ಎರಡೇ: ಒಂದು ಸಂತೆಯ ಹಳೇ ಬಟ್ಟೆ ರಾಶಿಯಲ್ಲಿ ಸಿಕ್ಕ ಪೈಲಟ್ ಜಾಕೆಟ್ಟಿನ ನಕಲು, ಇನ್ನೊಂದು ಸೇನೆಯಲ್ಲಿದ್ದ ಚಾಚಾ ಲಡಾಖ್‌ನಿಂದ ತಂದ ಕೋಟು.

ಒಂದು ಕಿ.ಮೀ. ಮೇಲೇರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಅದಕ್ಕೇ 1930ರ ದಶಕದಲ್ಲಿ ಅಮೆರಿಕದ ವಿಮಾನ ಸಿಬ್ಬಂದಿಗೆ ಕುರಿಚರ್ಮದ ಬಿ-3 ಜಾಕೆಟ್ ಬಂತು. ಉಣ್ಣೆ ಒಳಗೆ, ಚರ್ಮ ಹೊರಗೆ. ಎರಡನೇ ಮಹಾಯುದ್ಧದಲ್ಲಿ ಅವರ ವಿಮಾನಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲೂ ದುರಸ್ತಿಯಾಗುತ್ತಿದ್ದವು. ಟೋಪಿಯಂಚಿನ ತುಪ್ಪಳ ಅಂದಕ್ಕಲ್ಲ. ಮುಖಕ್ಕೆ ಬಡಿಯುವ ಗಾಳಿಯನ್ನು ತಡೆಯುತ್ತದೆ.

ಚಾಚಾರ ಕೋಟಿನ ತುಪ್ಪಳ ಉದುರುತ್ತಿದೆ. ಹೊಸದು ಹೊಲಿಸೋಣವೇ ಎಂದು ಕೇಳಿದೆ. “ಬೇಡ ಬೇಟಾ, ನನ್ನ ಕಿವಿ, ಮೂಗು ಉಳಿಸಿದ್ದು ಅದೇ” ಎಂದರು. ಅದನ್ನೀಗ ನೆರಳಲ್ಲಿ ಗಾಳಿಗೆ ಹಾಕಿ, ಬೇವಿನ ಸೊಪ್ಪಿಟ್ಟು ಮಡಿಚಿಡುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ, ಎಸೆಯುವ ಮೊದಲು ತೊಟ್ಟವರನ್ನು ಕೇಳಿ.